ಸೀಮೆಎಣ್ಣೆ ಸೋರಿದ ನೆಲ

ಸೀಮೆಬದನೆ, ಸೀಮೆಸುಣ್ಣ, ಸೀಮೆಎಣ್ಣೆ. ಹೊರನಾಡಿನಿಂದ ಬಂದದ್ದಕ್ಕೆಲ್ಲ ನಮ್ಮವರು ಮುಂದೆ ಒಂದು 'ಸೀಮೆ' ಅಂಟಿಸಿ ಮನೆಯೊಳಗೆ ಬಿಟ್ಟುಕೊಂಡರು. ಬದನೆಯಿಂದ, ಸುಣ್ಣದಿಂದ ತೊಂದರೆಯಾಗಲಿಲ್ಲ. ಎಣ್ಣೆ ಮಾತ್ರ ಸೋರುತ್ತಿತ್ತು.

ಮಂಡ್ಯ ಜಿಲ್ಲೆಯಲ್ಲಿ ಇದು ವಿಚಿತ್ರ ಕತೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿ ನೀರಿನಿಂದ ಕರೆಂಟ್ ತಯಾರಾಯ್ತು. ಹೋದದ್ದೆಲ್ಲಿಗೆ? ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂತು. ತಂತಿ ತಲೆ ಮೇಲೇ ಹಾದುಹೋದ ಹಳ್ಳಿಗಳಲ್ಲಿ ಮಾತ್ರ ಇನ್ನೂ ಎಷ್ಟೋ ದಶಕ ಬುಡ್ಡಿದೀಪ, ಲಾಟೀನೇ ಗತಿ. ಕರೆಂಟ್ ಬಂದ ಮೇಲೂ ಪಂಪ್ ಸ್ಟೌ, ಬತ್ತಿ ಸ್ಟೌ ಉಳಿದವು. ಹಾಗಾಗಿ ಮನೆಯ ಮೂಲೆಯಲ್ಲೊಂದು ತಗಡಿನ ಡಬ್ಬ, ಅದರಲ್ಲಿ ರೇಷನ್ನಿನ ನೀಲಿ ಎಣ್ಣೆ. ತಳ ತುಕ್ಕು ಹಿಡಿದರೆ ರಾತ್ರೋರಾತ್ರಿ ಮನೆಯೆಲ್ಲ ವಾಸನೆ.

ಮಳವಳ್ಳಿ ಕಡೆಯ ನಮ್ಮಜ್ಜಿಗೆ ಅದರ ಕ್ರಮ ಗೊತ್ತಿತ್ತು. ಮೊದಲು ಒಲೆ, ದೀಪ ಆರಿಸೋದು. ಆಮೇಲೆ ಬಾಗಿಲು, ಕಿಟಕಿ ತೆಗೆಯೋದು. "ನೀರು ಉಯ್ಬ್ಯಾಡ ಕನ್ಲ, ಮನೆಗೆಲ್ಲ ಹರಡ್ಕತದೆ" ಅನ್ನೋರು. ಸರಿಯೇ ತಾನೆ? ಸೀಮೆಎಣ್ಣೆ ನೀರಿಗಿಂತ ಹಗುರ, ತೇಲಿಕೊಂಡು ಹೋಗುತ್ತೆ. ಬದಲಿಗೆ ಮಣ್ಣು, ಹೊಟ್ಟು, ಬೂದಿ ಸುರಿಯೋರು. ಬೂದಿಯಾದರೆ ಅದರಲ್ಲಿ ಕೆಂಡ ಇಲ್ಲ ಅಂತ ಕೈಯಾಡಿಸಿ ನೋಡಿದ ಮೇಲೇ. ಎಣ್ಣೆ ಹೀರಿದ್ದನ್ನು ಗುಡಿಸಿ, ಬಾವಿಯಿಂದ ದೂರ ಒಯ್ಯೋರು. ಮದ್ದೂರಿನ ಅತ್ತೆ ಮನೆಯ ರೆಡ್ ಆಕ್ಸೈಡ್ ನೆಲಕ್ಕಾದರೆ ಇಷ್ಟರ ಮೇಲೆ ಸೋಪಿನ ನೀರು ಸಾಕು. ಸಗಣಿ ಸಾರಿಸಿದ ಮಣ್ಣಿನ ನೆಲ ಹಾಗಲ್ಲ, ಎಣ್ಣೆ ಕುಡಿದುಬಿಡುತ್ತೆ. ಅಷ್ಟು ಜಾಗ ಅಗೆದು ತೆಗೆದು, ಹೊಸ ಮಣ್ಣು ತುಂಬಿ, ತಟ್ಟಿ, ಮತ್ತೆ ಸಾರಿಸಬೇಕು. ಪಕ್ಕದ ಚೀಲದ ರಾಗಿಗೆ ತಗುಲಿದ್ದರೆ ಅದೂ ಹೋಯ್ತು. ಬಡವರ ಮನೆಯಲ್ಲಿ ಅದು ವಾರಗಟ್ಟಲೆಯ ಮುದ್ದೆ.

ಐರ್ಲೆಂಡಿಗೋ ಇಂಗ್ಲೆಂಡಿಗೋ ಕೆಲಸಕ್ಕೆ ಹೋದ ಗೆಳೆಯರಿದ್ದರೆ ಕೇಳಿ ನೋಡಿ. ಅಲ್ಲಿ ಎಷ್ಟೋ ಮನೆಗಳನ್ನು ಚಳಿಗಾಲದಲ್ಲಿ ಬೆಚ್ಚಗಿಡೋದು ಇದೇ ಸೀಮೆಎಣ್ಣೆ. ಪೈಪ್ ಸೋರಿ ಎಣ್ಣೆ ನೆಲಕ್ಕಿಳಿದರೆ ಇನ್ಶೂರೆನ್ಸ್‌ನೋರು, ಪರಿಣತರು ಬರ್ತಾರೆ. ಹೆಚ್ಚು ಇಳಿದಿದ್ದರೆ ಕಾಂಕ್ರೀಟ್ ಒಡೆದು, ಕೆಳಗಿನ ಮಣ್ಣು ಅಗೆದು ಸಾಗಿಸ್ತಾರೆ. ಅಜ್ಜಿ ಮಾಡಿದ್ದೂ ಅದೇ ಅಲ್ವಾ? ಬಿಲ್ ಮಾತ್ರ ಇರಲಿಲ್ಲ, ಕೈಗೆ ಗ್ಲೌಸೂ ಇರಲಿಲ್ಲ. ಎರಡು ದಿನ ಅಂಗೈ ಉರೀತಿತ್ತು, ಅಷ್ಟೆ.

2016ರ ಉಜ್ವಲ, ಮರುವರ್ಷದ ಅನಿಲಭಾಗ್ಯ ಯೋಜನೆಗಳ ಹೊತ್ತಿಗೆ ನಮ್ಮ ಕಡೆ ಡಬ್ಬಗಳು ಮೂಲೆ ಸೇರತೊಡಗಿದ್ದವು. ಶಿವನಸಮುದ್ರದ ಹೆಸರು ಪರೀಕ್ಷೆಗೆ ಓದೋರಿಗೆಲ್ಲ ಬಾಯಿಪಾಠ. ಆ ಕರೆಂಟ್ ಮನೆಗೆ ಬರೋವರೆಗೂ ನೆಲ ಅಗೆದು ಸಾರಿಸಿದ ಹೆಂಗಸರು ಯಾವ ಪ್ರಶ್ನೆಪತ್ರಿಕೆಗೂ ಬರಲ್ಲ. ನಿಮ್ಮ ಅಜ್ಜಿ ಇದ್ದರೆ ಈ ವಾರವೇ ಫೋನ್ ಮಾಡಿ ಕೇಳಿ, ಎಣ್ಣೆ ಸೋರಿದರೆ ಏನು ಮಾಡ್ತಿದ್ರಿ ಅಂತ.