ಅಮೆರಿಕದ ರಾಷ್ಟ್ರಾಧ್ಯಕ್ಷರ ಅವಧಿಯ ದೂರವಾಣಿ ಸಂಭಾಷಣೆಗಳು ಮತ್ತು ಟಿಪ್ಪಣಿಗಳು: ಅರ್ಜಿದಾರರಿಗೆ ಮಾಹಿತಿ

ಅಮೆರಿಕ ಸಂಯುಕ್ತ ಸಂಸ್ಥಾನದ ರಾಷ್ಟ್ರಾಧ್ಯಕ್ಷರು ಅಧಿಕಾರದಲ್ಲಿದ್ದಾಗ ನಡೆಸಿದ ದೂರವಾಣಿ ಸಂಭಾಷಣೆಗಳ ಧ್ವನಿಮುದ್ರಿಕೆಗಳು, ಅವುಗಳ ಬೆರಳಚ್ಚು ಪ್ರತಿಗಳು ಹಾಗೂ ಶ್ವೇತಭವನದ ಆಂತರಿಕ ಟಿಪ್ಪಣಿಗಳು ಆ ದೇಶದ ರಾಷ್ಟ್ರೀಯ ಪತ್ರಾಗಾರದ ಅಧೀನದಲ್ಲಿರುವ ರಾಷ್ಟ್ರಾಧ್ಯಕ್ಷರ ಗ್ರಂಥಾಲಯಗಳಲ್ಲಿ ಸಂರಕ್ಷಿಸಲ್ಪಟ್ಟಿವೆ. 1965-66ರ ಆಹಾರ ನೆರವು, 1971ರ ಭಾರತ-ಪಾಕಿಸ್ತಾನ ಯುದ್ಧ ಮುಂತಾದ ವಿಷಯಗಳಲ್ಲಿ ಇವು ಭಾರತದ ನಾಗರಿಕರಿಗೂ ಸಂಬಂಧಪಟ್ಟ ದಾಖಲೆಗಳಾಗಿವೆ. ಇವುಗಳ ಸ್ವರೂಪ, ದೊರೆಯುವ ಸ್ಥಳ ಮತ್ತು ಪಡೆಯುವ ವಿಧಾನವನ್ನು ಸಂಶೋಧಕರು, ಅಧ್ಯಾಪಕರು ಹಾಗೂ ಆಸಕ್ತ ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ನೀಡಲಾಗಿದೆ.

ಮೊದಲಿಗೇ ತಿಳಿಸಬೇಕಾದ ಅಂಶವೆಂದರೆ, ಈ ದಾಖಲೆಗಳಿಗಾಗಿ ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಅರ್ಜಿ ಸಲ್ಲಿಸುವುದರಿಂದ ಪ್ರಯೋಜನವಾಗುವುದಿಲ್ಲ. ಸದರಿ ಅಧಿನಿಯಮವು ಭಾರತದ ಸಾರ್ವಜನಿಕ ಪ್ರಾಧಿಕಾರಗಳಿಗೆ ಮಾತ್ರ ಅನ್ವಯಿಸುತ್ತದೆ. ಅರ್ಜಿಯನ್ನು ವಿದೇಶದ ಕಚೇರಿಗೆ ವರ್ಗಾಯಿಸಲು ಅದರಲ್ಲಿ ಅವಕಾಶವಿಲ್ಲ. ಅರ್ಜಿದಾರರು ಸಂಬಂಧಪಟ್ಟ ಗ್ರಂಥಾಲಯಕ್ಕೇ ನೇರವಾಗಿ ಬರೆಯತಕ್ಕದ್ದು.

ಧ್ವನಿಮುದ್ರಣ ನಡೆದು ಬಂದ ಬಗೆ

ರಾಷ್ಟ್ರಾಧ್ಯಕ್ಷರ ಕಚೇರಿಯಲ್ಲಿ ಗುಪ್ತವಾಗಿ ಧ್ವನಿಮುದ್ರಣ ಮಾಡುವ ಪದ್ಧತಿಯು 1940ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಕಾಲದಲ್ಲಿ ಅಲ್ಪ ಪ್ರಮಾಣದಲ್ಲಿ ಆರಂಭವಾಯಿತು. ಟ್ರೂಮನ್ ಮತ್ತು ಐಸೆನ್‌ಹೋವರ್ ಅವಧಿಯ ಮುದ್ರಿಕೆಗಳು ಕೆಲವೇ ಕೆಲವು. ಜಾನ್ ಕೆನಡಿಯವರು 1962ರ ಬೇಸಿಗೆಯಿಂದ ಸಭೆಗಳನ್ನೂ ದೂರವಾಣಿ ಕರೆಗಳನ್ನೂ ಮುದ್ರಿಸಿಕೊಳ್ಳಲಾರಂಭಿಸಿದರು.

ದೂರವಾಣಿಯ ಮಟ್ಟಿಗೆ ಅತ್ಯಂತ ಸಮೃದ್ಧವಾದ ಸಂಗ್ರಹ ಲಿಂಡನ್ ಜಾನ್ಸನ್ ಅವರದು. 1963ರ ನವೆಂಬರ್‌ನಿಂದ 1969ರ ಜನವರಿಯವರೆಗಿನ ಸುಮಾರು 640 ಗಂಟೆಗಳ ಸಂಭಾಷಣೆಗಳು ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದ ಗ್ರಂಥಾಲಯದಲ್ಲಿವೆ. ತಮ್ಮ ಮರಣಾನಂತರ 50 ವರ್ಷಗಳವರೆಗೆ ಇವುಗಳನ್ನು ತೆರೆಯಬಾರದೆಂಬುದು ಜಾನ್ಸನ್ ಅವರ ಇಚ್ಛೆಯಾಗಿತ್ತು. ಅವರು 1973ರ ಜನವರಿಯಲ್ಲಿ ನಿಧನರಾದರು. ಆ ಲೆಕ್ಕದಂತೆ 2023ರವರೆಗೆ ಕಾಯಬೇಕಾಗಿತ್ತು. ಆದರೆ ಕೆನಡಿ ಹತ್ಯೆಗೆ ಸಂಬಂಧಿಸಿದ ದಾಖಲೆಗಳನ್ನು ಬಹಿರಂಗಪಡಿಸಲು 1992ರಲ್ಲಿ ಕಾನೂನು ಬಂದುದರಿಂದಲೂ, ಡಿಕ್ಟಾಬೆಲ್ಟ್ ಎಂಬ ಪ್ಲಾಸ್ಟಿಕ್ ಪಟ್ಟಿಗಳು ಕಾಲಕ್ರಮದಲ್ಲಿ ಹಾಳಾಗುವ ಆತಂಕವಿದ್ದುದರಿಂದಲೂ 1993ರಿಂದ ಹಂತ ಹಂತವಾಗಿ ತೆರೆಯಲಾಯಿತು. 2008ರ ವೇಳೆಗೆ ಈ ಕಾರ್ಯ ಬಹುತೇಕ ಪೂರ್ಣಗೊಂಡಿತು. ದಾನಿಯ ಇಚ್ಛೆಗಿಂತ ಪಟ್ಟಿಯ ಆಯುಷ್ಯವೇ ಇಲ್ಲಿ ಮೇಲುಗೈ ಪಡೆಯಿತೆನ್ನಬಹುದು.

ರಿಚರ್ಡ್ ನಿಕ್ಸನ್ ಅವರ ವ್ಯವಸ್ಥೆ ಬೇರೆಯೇ ಆಗಿತ್ತು. ಜಾನ್ಸನ್ ಅವರಿಗೆ ಯಾವ ಕರೆ ಮುದ್ರಿತವಾಗುತ್ತಿದೆಯೆಂಬ ಅರಿವಿರುತ್ತಿತ್ತು. ನಿಕ್ಸನ್ ಅವರ ಓವಲ್ ಕಚೇರಿಯಲ್ಲಿ 1971ರ ಫೆಬ್ರವರಿಯಿಂದ ಅಳವಡಿಸಿದ ಯಂತ್ರವು ಮಾತಿನ ಸದ್ದು ಕೇಳಿದೊಡನೆ ತಾನಾಗಿಯೇ ಚಾಲನೆಗೊಳ್ಳುತ್ತಿತ್ತು. ಹೀಗಾಗಿ 1973ರ ಜುಲೈವರೆಗೆ ಸುಮಾರು 3,700 ಗಂಟೆಗಳ ಮುದ್ರಿಕೆ ಶೇಖರಗೊಂಡಿತು. 1973ರ ಜುಲೈ 16ರಂದು ಶ್ವೇತಭವನದ ಮಾಜಿ ಅಧಿಕಾರಿ ಅಲೆಕ್ಸಾಂಡರ್ ಬಟರ್‌ಫೀಲ್ಡ್ ಅವರು ಸೆನೆಟ್ ಸಮಿತಿಯ ಮುಂದೆ ಇದನ್ನು ಬಹಿರಂಗಪಡಿಸಿದರು. 1974ರ ಜುಲೈ 24ರಂದು ಸುಪ್ರೀಂ ಕೋರ್ಟ್ ಮುದ್ರಿಕೆಗಳನ್ನು ಒಪ್ಪಿಸುವಂತೆ ಆದೇಶಿಸಿತು. ಆಗಸ್ಟ್ 9ರಂದು ನಿಕ್ಸನ್ ಅಧಿಕಾರ ತ್ಯಜಿಸಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಸತ್ತು ವಿಶೇಷ ಕಾನೂನಿನ ಮೂಲಕ ಅವರ ಅವಧಿಯ ದಾಖಲೆಗಳೆಲ್ಲವನ್ನೂ ಸರ್ಕಾರದ ವಶಕ್ಕೆ ತೆಗೆದುಕೊಂಡಿತು. ಈ ಮುದ್ರಿಕೆಗಳು ಈಗ ಕ್ಯಾಲಿಫೋರ್ನಿಯಾದ ಯೋರ್ಬಾ ಲಿಂಡಾದಲ್ಲಿರುವ ನಿಕ್ಸನ್ ಗ್ರಂಥಾಲಯದ ಸಂಗ್ರಹಕ್ಕೆ ಸೇರಿದ್ದು, ಸುಮಾರು 3,000 ಗಂಟೆಗಳಷ್ಟು ಸಾರ್ವಜನಿಕರಿಗೆ ಮುಕ್ತವಾಗಿವೆ. ಉಳಿದ ಭಾಗವನ್ನು ರಾಷ್ಟ್ರೀಯ ಭದ್ರತೆ, ಖಾಸಗಿ ವಿಷಯ ಮುಂತಾದ ಕಾರಣಗಳಿಗಾಗಿ ತಡೆಹಿಡಿಯಲಾಗಿದೆ.

ಮುದ್ರಿಕೆ, ಬೆರಳಚ್ಚು ಪ್ರತಿ, ಟಿಪ್ಪಣಿ: ಇವುಗಳಲ್ಲಿನ ವ್ಯತ್ಯಾಸ

ಅರ್ಜಿದಾರರು ಈ ಮೂರನ್ನು ಒಂದೇ ಎಂದು ಭಾವಿಸಬಾರದು. ಹೆನ್ರಿ ಕಿಸಿಂಜರ್ ಅವರ ದೂರವಾಣಿ ಸಂಭಾಷಣೆಗಳ ಕಡತಗಳು ಇದಕ್ಕೆ ಉತ್ತಮ ನಿದರ್ಶನ. ರಾಷ್ಟ್ರೀಯ ಭದ್ರತಾ ಸಲಹೆಗಾರರಾಗಿಯೂ ಅನಂತರ ವಿದೇಶಾಂಗ ಕಾರ್ಯದರ್ಶಿಯಾಗಿಯೂ ಅವರು ಮಾತನಾಡುವಾಗ ಕಾರ್ಯದರ್ಶಿ ಸಿಬ್ಬಂದಿಯು ಇನ್ನೊಂದು ತಂತಿಯಲ್ಲಿ ಆಲಿಸಿ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದರು. ಕೆಲಕಾಲದ ನಂತರ ಯಂತ್ರದಲ್ಲಿ ಮುದ್ರಿಸಿ ಬೆರಳಚ್ಚು ಮಾಡಲಾಗುತ್ತಿತ್ತು. ಇವುಗಳನ್ನು 'ಟೆಲ್‌ಕಾನ್' ಎಂದು ಕರೆಯುತ್ತಾರೆ. ಮೂಲ ಧ್ವನಿ ಉಳಿದಿಲ್ಲದ ಕಡೆ ಈ ಹಾಳೆಯೇ ದಾಖಲೆ. ಮಾತಿನ ಧಾಟಿ, ವ್ಯಂಗ್ಯ, ಮೌನ ಇವು ಹಾಳೆಯಲ್ಲಿ ದೊರೆಯುವುದಿಲ್ಲ.

ಟಿಪ್ಪಣಿಯು ಸಂಪೂರ್ಣ ಭಿನ್ನವಾದುದು. ನಮ್ಮ ಸಚಿವಾಲಯದ ಟಿಪ್ಪಣಿ ಹಾಳೆಯನ್ನು ಬಲ್ಲವರಿಗೆ ಅದರ ರೂಪ ಅಪರಿಚಿತವೆನಿಸದು: ಯಾರಿಂದ, ಯಾರಿಗೆ, ವಿಷಯ, ಹಿನ್ನೆಲೆ, ಪರ್ಯಾಯ ಮಾರ್ಗಗಳು, ಕೊನೆಯಲ್ಲಿ ಅನುಮೋದನೆ ಅಥವಾ ನಿರಾಕರಣೆಗೆ ಗುರುತು ಹಾಕುವ ಸ್ಥಳ. ಟಿಪ್ಪಣಿಯಲ್ಲಿ ಮಾತು ತೂಗಿ ಬರೆಯಲ್ಪಟ್ಟಿರುತ್ತದೆ; ದೂರವಾಣಿಯಲ್ಲಿ ಹಾಗಿರುವುದಿಲ್ಲ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ಒಂದು ಖಾತಾ ಪುಸ್ತಕ, ಇನ್ನೊಂದು ಕಚ್ಚಾ ದಿನಚರಿ. ಎರಡನ್ನೂ ತಾಳೆ ನೋಡದೆ ಶಿಲ್ಕು ಹೇಳಲಾಗದು.

1971ರ ದಾಖಲೆಗಳು ಇದನ್ನು ಸ್ಪಷ್ಟಪಡಿಸುತ್ತವೆ. ಆ ವರ್ಷದ ಮಾರ್ಚ್ 25ರ ರಾತ್ರಿ ಪೂರ್ವ ಪಾಕಿಸ್ತಾನದಲ್ಲಿ ಸೇನಾ ಕಾರ್ಯಾಚರಣೆ ಆರಂಭವಾದ ನಂತರ, ಢಾಕಾದಲ್ಲಿದ್ದ ಅಮೆರಿಕದ ಕಾನ್ಸಲ್ ಜನರಲ್ ಆರ್ಚರ್ ಬ್ಲಡ್ ಅವರು ಏಪ್ರಿಲ್ 6ರಂದು ತಮ್ಮ ಸರ್ಕಾರದ ಮೌನವನ್ನು ಆಕ್ಷೇಪಿಸುವ ಸಿಬ್ಬಂದಿಯ ಭಿನ್ನಮತದ ತಂತಿಯನ್ನು ವಾಷಿಂಗ್ಟನ್‌ಗೆ ಕಳುಹಿಸಿದರು. ಏಪ್ರಿಲ್ 28ರ ದಿನಾಂಕದ ಟಿಪ್ಪಣಿಯಲ್ಲಿ ಕಿಸಿಂಜರ್ ಮೂರು ಮಾರ್ಗಗಳನ್ನು ಕ್ರಮಬದ್ಧವಾಗಿ ಮಂಡಿಸಿದರು. ನಿಕ್ಸನ್ ಮೂರನೆಯದನ್ನು ಅನುಮೋದಿಸಿ, ಈ ಸಮಯದಲ್ಲಿ ಯಾಹ್ಯಾ ಖಾನ್ ಅವರ ಮೇಲೆ ಒತ್ತಡ ಹೇರಕೂಡದೆಂದು ಕೆಳಗೆ ಸ್ವಹಸ್ತದಿಂದ ಬರೆದರು. ಕೂಡದೆಂಬ ಪದಕ್ಕೆ ಮೂರು ಬಾರಿ ಅಡಿಗೆರೆ ಎಳೆದಿದ್ದಾರೆ. ಬೆರಳಚ್ಚಾದ ಪುಟಗಳಷ್ಟನ್ನೇ ಓದಿದವರಿಗೆ ಸಮತೋಲನದ ಆಡಳಿತ ಕಾಣುತ್ತದೆ. ಅಡಿಗೆರೆಗಳನ್ನು ನೋಡಿದವರಿಗೆ ನಿರ್ಧಾರ ಕಾಣುತ್ತದೆ. ಆದುದರಿಂದ ಟಿಪ್ಪಣಿಗಳ ಮುದ್ರಿತ ಪಾಠದೊಂದಿಗೆ ಮೂಲ ಹಾಳೆಯ ಛಾಯಾಪ್ರತಿಯನ್ನೂ ಕೋರುವುದು ಸೂಕ್ತ.

ಜೂನ್ 15ರಂದು ಭಾರತದಲ್ಲಿದ್ದ ರಾಯಭಾರಿ ಕೆನೆತ್ ಕೀಟಿಂಗ್ ಅವರು ಓವಲ್ ಕಚೇರಿಯಲ್ಲಿ ನಿಕ್ಸನ್ ಅವರ ಮುಂದೆಯೇ ಪೂರ್ವ ಬಂಗಾಳದ ಘಟನೆಗಳನ್ನು ನರಮೇಧವೆಂಬ ಅರ್ಥದಲ್ಲಿ ವಿವರಿಸಿದ್ದು ಮುದ್ರಿಕೆಯಲ್ಲಿದೆ. ಡಿಸೆಂಬರ್ 3ರಂದು ಯುದ್ಧ ಆರಂಭವಾದ ನಂತರದ ಸಂಭಾಷಣೆಗಳಲ್ಲಿ ಜೋರ್ಡಾನ್, ಇರಾನ್ ದೇಶಗಳ ಮೂಲಕ ಪಾಕಿಸ್ತಾನಕ್ಕೆ ನೆರವು ತಲುಪಿಸುವ ಚರ್ಚೆ ಕಂಡುಬರುತ್ತದೆ. ಅದಕ್ಕೆ ಕಾನೂನಿನ ಅಡ್ಡಿಯಿದೆಯೆಂಬ ಅಭಿಪ್ರಾಯವೂ ಅದೇ ಕಡತಗಳಲ್ಲಿದೆ. ನವೆಂಬರ್ 4 ಮತ್ತು 5ರಂದು ಶ್ರೀಮತಿ ಇಂದಿರಾ ಗಾಂಧಿಯವರು ಶ್ವೇತಭವನಕ್ಕೆ ಭೇಟಿ ನೀಡಿದ ಸಂದರ್ಭದಲ್ಲಿ ಅವರನ್ನು ಕುರಿತು ಆಡಿದ ಅಸಭ್ಯ ಮಾತುಗಳು 2005ರಲ್ಲಿ ಪ್ರಕಟವಾದಾಗ ಕಿಸಿಂಜರ್ ವಿಷಾದ ವ್ಯಕ್ತಪಡಿಸಿದರು.

ಟೆಲ್‌ಕಾನ್‌ಗಳು ಹೊರಬಂದುದೂ ಸುಲಭವಾಗಿ ಅಲ್ಲ. ಅಧಿಕಾರ ಬಿಡುವ ಮುನ್ನ 1976ರಲ್ಲಿ ಕಿಸಿಂಜರ್ ಇವುಗಳನ್ನು ಲೈಬ್ರರಿ ಆಫ್ ಕಾಂಗ್ರೆಸ್‌ಗೆ ನಿರ್ಬಂಧಗಳೊಂದಿಗೆ ದಾನ ಮಾಡಿದರು. ಪತ್ರಕರ್ತರು ಹೂಡಿದ ಮೊಕದ್ದಮೆಯಲ್ಲಿ 1980ರಲ್ಲಿ ಸುಪ್ರೀಂ ಕೋರ್ಟ್, ಕಡತಗಳು ಇಲಾಖೆಯ ವಶದಲ್ಲಿಲ್ಲವಾದುದರಿಂದ ಇಲಾಖೆಯು ಅವುಗಳನ್ನು ನಿರಾಕರಿಸಿತೆನ್ನಲಾಗದು ಎಂದು ತೀರ್ಮಾನಿಸಿತು. ಕಡತವನ್ನು ಕಚೇರಿಯಿಂದ ಹೊರಗೆ ಸಾಗಿಸಿದರೆ ಅರ್ಜಿದಾರನ ಹಕ್ಕು ಎಲ್ಲಿಗೆ ಬಂದು ನಿಲ್ಲುತ್ತದೆಂಬುದಕ್ಕೆ ಈ ಪ್ರಕರಣ ಉದಾಹರಣೆ. ಅಂತಿಮವಾಗಿ ಪ್ರತಿಗಳನ್ನು ಸರ್ಕಾರಕ್ಕೆ ಮರಳಿಸಲಾಗಿ, ನಿಕ್ಸನ್ ಅವಧಿಯ ಸುಮಾರು 20,000 ಪುಟಗಳು 2004ರ ಮೇ ತಿಂಗಳಲ್ಲಿ ಸಾರ್ವಜನಿಕರಿಗೆ ದೊರೆತವು.

ಯಾವ ಕಾನೂನಿನಡಿ ಅರ್ಜಿ

ಇಲ್ಲಿ ಅರ್ಜಿದಾರರು ವಿಶೇಷ ಗಮನ ಹರಿಸಬೇಕು. ಅಮೆರಿಕದ 1966ರ ಮಾಹಿತಿ ಸ್ವಾತಂತ್ರ್ಯ ಕಾನೂನಿನಡಿ ಅನ್ಯದೇಶದ ನಾಗರಿಕರೂ ಅರ್ಜಿ ಸಲ್ಲಿಸಬಹುದಾಗಿದೆ. ಆದರೆ ಎಲ್ಲ ರಾಷ್ಟ್ರಾಧ್ಯಕ್ಷರ ಕಾಗದಪತ್ರಗಳಿಗೆ ಅದು ಅನ್ವಯಿಸುವುದಿಲ್ಲ. 1978ರ ರಾಷ್ಟ್ರಾಧ್ಯಕ್ಷರ ದಾಖಲೆಗಳ ಕಾನೂನು 1981ರ ಜನವರಿ 20ರಿಂದ, ಅಂದರೆ ರೇಗನ್ ಅವರಿಂದ ಈಚಿನ ದಾಖಲೆಗಳಿಗೆ ಸಂಬಂಧಿಸಿದ್ದು. ಅವಧಿ ಮುಗಿದು 5 ವರ್ಷಗಳಾದ ಮೇಲೆ ಅವುಗಳಿಗೆ ಅರ್ಜಿ ಸಲ್ಲಿಸಬಹುದು, ಕೆಲವು ವರ್ಗದ ದಾಖಲೆಗಳನ್ನು 12 ವರ್ಷಗಳವರೆಗೆ ತಡೆಹಿಡಿಯಬಹುದು. ಕೆನಡಿ, ಜಾನ್ಸನ್ ಮೊದಲಾದವರ ಕಾಗದಗಳು ದಾನಪತ್ರದ ಷರತ್ತುಗಳಿಗೆ ಒಳಪಟ್ಟಿವೆ. ನಿಕ್ಸನ್ ದಾಖಲೆಗಳಿಗೆ 1974ರ ಪ್ರತ್ಯೇಕ ಕಾನೂನಿದೆ. ಈ ಹಳೆಯ ಸಂಗ್ರಹಗಳಲ್ಲಿ ರಹಸ್ಯವೆಂದು ತಡೆಹಿಡಿದ ಕಾಗದಕ್ಕಾಗಿ 'ಕಡ್ಡಾಯ ಪುನರ್‌ಪರಿಶೀಲನೆ' ಎಂಬ ಕೋರಿಕೆಯನ್ನು ಸಲ್ಲಿಸತಕ್ಕದ್ದು. ಇದಕ್ಕೆ 2009ರ ಡಿಸೆಂಬರ್‌ನ ಕಾರ್ಯಾಂಗ ಆದೇಶ ಸಂಖ್ಯೆ 13526 ಆಧಾರ. ತಪ್ಪು ಕಾನೂನನ್ನು ಉಲ್ಲೇಖಿಸಿದ ಅರ್ಜಿಯಿಂದ ತಿಂಗಳುಗಳು ವ್ಯರ್ಥವಾಗುವ ಸಂಭವವಿದೆ.

ಕಡತದಿಂದ ಕಾಗದವನ್ನು ತೆಗೆದಿರಿಸಿದ್ದಲ್ಲಿ ಅದರ ಸ್ಥಾನದಲ್ಲಿ 'ಹಿಂತೆಗೆತ ಹಾಳೆ' ಇರುತ್ತದೆ. ಅದರಲ್ಲಿ ದಾಖಲೆಯ ಪ್ರಕಾರ, ದಿನಾಂಕ ಮತ್ತು ತಡೆಹಿಡಿದ ಕಾರಣ ನಮೂದಾಗಿರುತ್ತವೆ. ಕೋರಿಕೆ ಸಿದ್ಧಪಡಿಸಲು ಈ ಹಾಳೆಯೇ ಮುಖ್ಯ ಆಧಾರ. ಸಂಗ್ರಹದ ಹೆಸರು, ಪೆಟ್ಟಿಗೆ ಸಂಖ್ಯೆ, ಕಡತದ ಶೀರ್ಷಿಕೆ ಮತ್ತು ದಿನಾಂಕವನ್ನು ತಪ್ಪದೆ ನಮೂದಿಸಬೇಕು. ನಿಕ್ಸನ್ ಮುದ್ರಿಕೆಯಾದಲ್ಲಿ ಸುರುಳಿಯ ಸಂಖ್ಯೆ ಹಾಗೂ ಅದರೊಳಗಿನ ಸಂಭಾಷಣೆಯ ಸಂಖ್ಯೆ, ಇವೆರಡೂ ಅಗತ್ಯ. ಭಾರತಕ್ಕೆ ಸಂಬಂಧಿಸಿದ ಎಲ್ಲ ದಾಖಲೆಗಳು ಬೇಕೆಂಬಂತಹ ಸ್ಥೂಲ ಕೋರಿಕೆಗಳಿಂದ ಕಾಲವಿಳಂಬವಲ್ಲದೆ ಬೇರೇನೂ ಸಾಧ್ಯವಾಗದು. ಕೋರಿಕೆಯು ಇಂಗ್ಲಿಷಿನಲ್ಲಿರತಕ್ಕದ್ದು.

ಬಹುಪಾಲು ಓದುಗರಿಗೆ ಅರ್ಜಿಯ ಅಗತ್ಯವೇ ಇರುವುದಿಲ್ಲ. ಅಮೆರಿಕದ ವಿದೇಶಾಂಗ ಇಲಾಖೆಯು 1861ರಿಂದ ಪ್ರಕಟಿಸುತ್ತಿರುವ 'ಫಾರಿನ್ ರಿಲೇಷನ್ಸ್ ಆಫ್ ದಿ ಯುನೈಟೆಡ್ ಸ್ಟೇಟ್ಸ್' ಮಾಲೆಯಲ್ಲಿ 1971ರ ದಕ್ಷಿಣ ಏಷ್ಯಾ ಬಿಕ್ಕಟ್ಟಿಗೆ ಮೀಸಲಾದ 11ನೆಯ ಸಂಪುಟ ಹಾಗೂ ವಿದ್ಯುನ್ಮಾನ ರೂಪದ ಇ-7 ಸಂಪುಟ 2005ರಲ್ಲಿ ಹೊರಬಂದಿದ್ದು, ಅಂತರಜಾಲದಲ್ಲಿ ಉಚಿತವಾಗಿ ಲಭ್ಯವಿವೆ. ವರ್ಜೀನಿಯಾ ವಿಶ್ವವಿದ್ಯಾಲಯದ ಮಿಲ್ಲರ್ ಕೇಂದ್ರವು ಮುದ್ರಿಕೆಗಳನ್ನೂ ಲಿಪ್ಯಂತರಗಳನ್ನೂ ಒದಗಿಸುತ್ತದೆ. ಲಿಪ್ಯಂತರವನ್ನು ಪ್ರಮಾಣವಾಗಿ ಉಲ್ಲೇಖಿಸುವ ಮೊದಲು ಸಾಧ್ಯವಾದ ಕಡೆ ಧ್ವನಿಯನ್ನೂ ಆಲಿಸುವುದು ಲೇಸು. ನಿಕ್ಸನ್ ಮುದ್ರಿಕೆಗಳಲ್ಲಿ ಲೋಟದ ಸದ್ದು, ಕಾಗದದ ಸದ್ದುಗಳ ನಡುವೆ ಮಾತು ಅಸ್ಪಷ್ಟವಾಗಿರುವುದುಂಟು.

ಭಾರತದ ಕಡೆಯ ದಾಖಲೆಗಳು

ಜಾನ್ಸನ್ ಅವಧಿಯ ಟಿಪ್ಪಣಿಗಳಲ್ಲಿ ಪಿ.ಎಲ್. 480 ಗೋಧಿಯನ್ನು ಭಾರತಕ್ಕೆ ಅಲ್ಪಾವಧಿಯ ಕಂತುಗಳಲ್ಲಿ ಮಾತ್ರ ಬಿಡುಗಡೆ ಮಾಡಿದ ವಿವರಗಳಿವೆ. ಅದೇ ಕಾಲದಲ್ಲಿ, 1965ರ ನವೆಂಬರ್‌ನಲ್ಲಿ, ಆಹಾರ ಸಚಿವ ಸಿ. ಸುಬ್ರಹ್ಮಣ್ಯಂ ಅವರು ರೋಮ್‌ನಲ್ಲಿ ಅಮೆರಿಕದ ಕೃಷಿ ಕಾರ್ಯದರ್ಶಿಯೊಂದಿಗೆ ಒಪ್ಪಂದಕ್ಕೆ ಬಂದರು. ಇಂತಹ ವಿಷಯಗಳಲ್ಲಿ ಭಾರತದ ಪಕ್ಷವನ್ನು ತಿಳಿಯಲು ನವದೆಹಲಿಯ ರಾಷ್ಟ್ರೀಯ ಪತ್ರಾಗಾರವನ್ನು ಸಂಪರ್ಕಿಸಬಹುದು. ಸಾರ್ವಜನಿಕ ದಾಖಲೆಗಳ ಅಧಿನಿಯಮ, 1993 ಇದಕ್ಕೆ ಅನ್ವಯಿಸುತ್ತದೆ. 1971ರಲ್ಲಿ ಪ್ರಧಾನಿಯವರ ಕಾರ್ಯದರ್ಶಿಯಾಗಿದ್ದ ಪಿ.ಎನ್. ಹಕ್ಸರ್ ಅವರ ಕಾಗದಗಳು ಹಿಂದಿನ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿದ್ದು, ಸದರಿ ಸಂಸ್ಥೆಯು 2023ರಿಂದ ಪ್ರಧಾನಮಂತ್ರಿಗಳ ವಸ್ತುಸಂಗ್ರಹಾಲಯ ಮತ್ತು ಗ್ರಂಥಾಲಯವೆಂಬ ಹೆಸರನ್ನು ಹೊಂದಿದೆ.

ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಪುನರ್ವಸತಿ ಶಿಬಿರಗಳಲ್ಲಿ ನೆಲೆಸಿರುವುದು ರಾಜ್ಯದ ಜನತೆಗೆ ತಿಳಿದ ವಿಷಯ. 1971ರಲ್ಲಿ ಗಡಿ ದಾಟಿ ಭಾರತಕ್ಕೆ ಬಂದ ಸುಮಾರು 1 ಕೋಟಿ ನಿರಾಶ್ರಿತರ ಸಂಖ್ಯೆ, ಖರ್ಚು ಮತ್ತು ಸಂಕಷ್ಟ ಶ್ವೇತಭವನದ ಟಿಪ್ಪಣಿಗಳಲ್ಲಿ ಪದೇ ಪದೇ ಪ್ರಸ್ತಾಪವಾಗಿವೆ. ಆದರೆ ಅಲ್ಲಿ ಅವರು ಸಂಖ್ಯೆಯಾಗಿ ಮಾತ್ರ ಇದ್ದಾರೆ. ಯಾವುದೇ ಕುಟುಂಬದ ಹೆಸರು, ಆಗಮನದ ದಿನಾಂಕ ಅಥವಾ ನೋಂದಣಿಯ ವಿವರವನ್ನು ಆ ಕಡತಗಳಲ್ಲಿ ಅರಸುವುದು ವ್ಯರ್ಥ. ವೈಯಕ್ತಿಕ ಹಕ್ಕು ಸಾಬೀತಿಗೆ ಬೇಕಾದ ಜಮೀನು ಮಂಜೂರಾತಿ ಮುಂತಾದ ದಾಖಲೆಗಳಿಗೆ ಸ್ಥಳೀಯ ಕಂದಾಯ ಕಚೇರಿಯಲ್ಲಿಯೇ ಅರ್ಜಿ ಸಲ್ಲಿಸತಕ್ಕದ್ದು.