ವಕ್ರದಂತ: ಬಾಂಡಿಂಗ್ ಸಾಕೇ, ತಂತಿ ಬೇಕೇ?

ಮದುವೆಗೆ ತಿಂಗಳಷ್ಟೇ ಉಳಿದಿದೆ, ಹಲ್ಲಿನ ಸಂದಿಯನ್ನು ಬಾಂಡಿಂಗ್‌ನಿಂದ ಮುಚ್ಚಿಸಬಹುದೇ? ಸಣ್ಣ ಸಂದಿಯಾದರೆ ಸಾಧ್ಯ. ಆಮ್ಲ ಸವರಿ ಎನಾಮಲ್ ಒರಟಾಗಿಸಿದರೆ ರಾಳ ಭದ್ರವಾಗಿ ಅಂಟುತ್ತದೆಂದು ಅಮೆರಿಕದ ಮೈಕೆಲ್ ಬ್ಯೂನೊಕೋರ್ 1955ರಲ್ಲಿಯೇ ತೋರಿಸಿದ್ದರು. ಇಂದು ಹಲ್ಲಿನ ಬಣ್ಣದ ಕಾಂಪೊಸಿಟ್ ರಾಳವನ್ನು ಲೇಪಿಸಿ ನೀಲಿ ಬೆಳಕಿನಿಂದ ಗಟ್ಟಿಗೊಳಿಸಲಾಗುತ್ತದೆ. ಸಾಮಾನ್ಯವಾಗಿ ಒಂದೇ ಭೇಟಿ ಸಾಕು. ಆದರೆ ಬಾಂಡಿಂಗ್ ಹಲ್ಲನ್ನು ಸರಿಸುವುದಿಲ್ಲ, ಓರೆಯನ್ನು ಮರೆಮಾಚುತ್ತದೆ ಅಷ್ಟೆ. ಹಲ್ಲುಗಳು ಒಂದರ ಮೇಲೊಂದು ಏರಿದ್ದರೆ ತಂತಿ ಅಥವಾ ಅಲೈನರ್ ಬೇಕು. ಅದಕ್ಕೆ ಹೆಚ್ಚಾಗಿ ಒಂದರಿಂದ ಎರಡು ವರ್ಷ ಹಿಡಿಯುತ್ತದೆ.

ಬಿಳುಪುಗೊಳಿಸುವುದಿದ್ದರೆ ಬಾಂಡಿಂಗ್‌ಗೂ ಮೊದಲೇ ಆಗಬೇಕು. ರಾಳ ಬಿಳುಪಾಗದು, ಕಾಫಿ, ಎಲೆ-ಅಡಿಕೆಯ ಕಲೆಯನ್ನು ಮಾತ್ರ ಬೇಗನೆ ಹಿಡಿಯುತ್ತದೆ!

ನೇರಗೊಂಡ ಹಲ್ಲು ಹಿಂದಿನ ಸ್ಥಾನಕ್ಕೆ ಜಾರುವುದು ಸಹಜ. ರಿಟೇನರ್ ಧರಿಸುವುದನ್ನು ಬಿಟ್ಟವರು ಮತ್ತೆ ಮೊದಲಿನಿಂದ ಆರಂಭಿಸಬೇಕಾದೀತು. ಆದ್ದರಿಂದ ಚಿಕಿತ್ಸೆಯ ದರ ವಿಚಾರಿಸುವಾಗಲೇ ರಿಟೇನರ್ ವೆಚ್ಚ ಅದರಲ್ಲಿ ಸೇರಿದೆಯೇ ಎಂದು ಕೇಳಿಕೊಳ್ಳುವುದು ಒಳಿತು.