ಕೋಳಿ ಮೊದಲೇ ಹೇಳಿತ್ತು

ಬ್ರಾಯ್ಲರ್ ಕೋಳಿಯ ಮಾತು ಬಂದಾಗಲೆಲ್ಲ ನಮ್ಮ ಆಫೀಸಿನ ಊಟದ ಟೇಬಲ್ಲು ಎರಡು ಪಂಗಡವಾಗುತ್ತೆ. ಜಿಮ್ಮಿಗೆ ಹೋಗೋರಿಗೆ ಅದು ಕಡಿಮೆ ಕಾಸಿಗೆ ಸಿಗುವ ಪ್ರೋಟೀನು. ಉಳಿದವರಿಗೆ ಅದು ‘ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಉಬ್ಬಿಸಿದ’ ಹಕ್ಕಿ. ಈ ಇಂಜೆಕ್ಷನ್ ಕಥೆಯನ್ನು ನಾನು ನಂಬಲ್ಲ. ಸಾವಿರಾರು ಮರಿಗಳಿರುವ ಶೆಡ್ಡಿನಲ್ಲಿ ಒಂದೊಂದನ್ನೇ ಹಿಡಿದು ಸೂಜಿ ಚುಚ್ಚುತ್ತಾ ಕೂತರೆ ಯಾವ ಫಾರ್ಮಿನವನಿಗೂ ಗಿಟ್ಟೋದಿಲ್ಲ. ಕೋಳಿ ಬೇಗ ಬೆಳೆಯೋದಕ್ಕೆ ಮುಖ್ಯವಾಗಿ ಎರಡು ಕಾರಣ, ತಳಿ ಮತ್ತು ತಿಂಡಿ.

ತಳಿಯ ಲೆಕ್ಕವನ್ನು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದರು. 1957ರ ತಳಿಯನ್ನೂ 2005ರ ತಳಿಯನ್ನೂ ಒಂದೇ ಫೀಡ್ ಹಾಕಿ ಸಾಕಿದರು. 56 ದಿನಕ್ಕೆ ಹಳೆಯದು ಸುಮಾರು 900 ಗ್ರಾಂ ತೂಗಿತು, ಹೊಸದು 4 ಕೆಜಿ ದಾಟಿತ್ತು. ಅಂದ್ರೆ ಬೇಗ ಬೆಳೆಯುವ ಆಸೆಯನ್ನ ಮನುಷ್ಯ ಕೋಳಿಯ ರಕ್ತದಲ್ಲೇ ಇಟ್ಟುಬಿಟ್ಟಿದ್ದಾನೆ. ಆದರೆ ಆ ಆಸೆಗೆ ಇಂಧನ ಬೇಕಲ್ಲ? ಅಲ್ಲಿಂದ ಎಣ್ಣೆಯ ಕಥೆ ಶುರು.

ಒಂದು ಗ್ರಾಂ ಪಿಷ್ಟದಲ್ಲಿ ಸುಮಾರು 4 ಕ್ಯಾಲರಿ, ಒಂದು ಗ್ರಾಂ ಎಣ್ಣೆಯಲ್ಲಿ ಸುಮಾರು 9. ಕೋಳಿಯ ಹೊಟ್ಟೆ ಚಿಕ್ಕದು, ಬೆಳೆಯೋಕೆ ಸಿಗುವ ವಾರಗಳೂ ಕಡಿಮೆ. ಮೆಕ್ಕೆಜೋಳ, ಸೋಯಾ ಹಿಂಡಿಯ ಜೊತೆ ನೂರಕ್ಕೆ ಎರಡರಿಂದ ಐದು ಪಾಲು ಎಣ್ಣೆ ಬೆರೆಸಿದರೆ ಅಷ್ಟೇ ಜಾಗದಲ್ಲಿ ಹೆಚ್ಚು ಶಕ್ತಿ ತುಂಬುತ್ತೆ. ಒಂದು ಕೆಜಿ ಮಾಂಸಕ್ಕೆ ಖರ್ಚಾಗುವ ಫೀಡ್ ಇಳಿಯುತ್ತೆ, ಧೂಳೂ ಕಡಿಮೆ. ಎಣ್ಣೆ ಅರಗುವಾಗ ಹುಟ್ಟುವ ಬಿಸಿ ಕಮ್ಮಿ ಆಗಿರೋದ್ರಿಂದ ನಮ್ಮ ಬಯಲುಸೀಮೆಯಂಥ ಬಿಸಿಲಿನ ಕಡೆ ಇದು ಇನ್ನೂ ಅನುಕೂಲ.

ಹಾಗಂತ ಯಾವ ಎಣ್ಣೆಯಾದರೂ ನಡೆಯುತ್ತೆ ಅಂತಲ್ಲ. ಮೊದಲ ಎರಡು-ಮೂರು ವಾರ ಮರಿಯಲ್ಲಿ ಪಿತ್ತರಸ, ಕೊಬ್ಬು ಕರಗಿಸುವ ಕಿಣ್ವ ಎರಡೂ ಸಾಲದು. ಆಗ ಸೋಯಾ ಎಣ್ಣೆಯಂಥ ತೆಳು ಎಣ್ಣೆ ಚೆನ್ನಾಗಿ ಅರಗುತ್ತೆ, ದನದ ಕೊಬ್ಬು ಅಷ್ಟು ಅರಗೋದಿಲ್ಲ. ಪ್ರೋಟೀನ್ ಹೆಚ್ಚಿಸದೆ ಬರೀ ಎಣ್ಣೆ ಸುರಿದರೆ ಶಕ್ತಿ ಸಾಕಾಯ್ತು ಅಂತ ಕೋಳಿ ತಿನ್ನೋದನ್ನೇ ಕಡಿಮೆ ಮಾಡಿ, ಮಾಂಸದ ಬದಲು ಕೊಬ್ಬು ಕಟ್ಟಿಕೊಳ್ಳುತ್ತೆ. ಇನ್ನೊಂದು ಮಾತು ಮುಖ್ಯ, ಮುಂದಿನ ಕಥೆಯೆಲ್ಲ ನಿಂತಿರೋದು ಅದರ ಮೇಲೇ. ಕೋಳಿ ತಿಂದ ಎಣ್ಣೆಯ ಗುಣ ಅದರ ಕೊಬ್ಬಿಗೆ ಇಳಿಯುತ್ತೆ. ಅಗಸೆ ಎಣ್ಣೆ ಕೊಟ್ಟರೆ ಮಾಂಸದಲ್ಲಿ ಒಮೇಗಾ-3 ಏರುತ್ತೆ, ಮೀನೆಣ್ಣೆ ಹೆಚ್ಚಾದರೆ ಮೀನಿನ ವಾಸನೆ ಬರುತ್ತೆ. ಎಣ್ಣೆಯಲ್ಲಿ ವಿಷ ಕರಗಿದ್ದರೆ ಅದೂ ಅಲ್ಲೇ ಕೂರುತ್ತೆ.

ಫೀಡಿಗೆ ಕೊಬ್ಬು ಬೆರೆಸುವ ಅಭ್ಯಾಸಕ್ಕೆ ಪೌಷ್ಟಿಕ ವಿಜ್ಞಾನದಷ್ಟೇ ಮಾರುಕಟ್ಟೆಯೂ ಕಾರಣ. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಬಟ್ಟೆ ಒಗೆಯೋಕೆ ಡಿಟರ್ಜೆಂಟ್ ಪುಡಿ ಬಂತು. ಸೋಪಿಗೆ ಹೋಗುತ್ತಿದ್ದ ಪ್ರಾಣಿಕೊಬ್ಬನ್ನು ಕೇಳೋರಿಲ್ಲದೆ ಬೆಲೆ ನೆಲಕಚ್ಚಿತು. ಅದೇ ಕಾಲಕ್ಕೆ ಬ್ರಾಯ್ಲರ್ ಉದ್ಯಮ ಹೆಚ್ಚು ಶಕ್ತಿಯ ಫೀಡ್ ಹುಡುಕುತ್ತಿತ್ತು. 1950ರ ದಶಕದಲ್ಲಿ ಇಬ್ಬರಿಗೂ ಸಂಬಂಧ ಕುದುರಿತು. ಎಣ್ಣೆ, ಕೊಬ್ಬಿನ ಕಾರ್ಖಾನೆಗಳಲ್ಲಿ ಕೊನೆಗೆ ಉಳಿದದ್ದು ಕೋಳಿಯ ತಟ್ಟೆಗೆ ಬರತೊಡಗಿತು. ನನಗೆ ಇದರಲ್ಲಿ ತಪ್ಪು ಕಾಣಲ್ಲ. ನಮ್ಮ ಮನೆಗಳಲ್ಲೂ ಅಕ್ಕಿ ನಮಗೆ, ತೌಡು ಹಸುವಿಗೆ ಅಂತಲೇ ನಡೆದುಬಂದಿದೆ. ಆದರೆ ಉಳಿದದ್ದರಲ್ಲಿ ಏನೇನು ಉಳಿದಿದೆ ಅಂತ ಯಾರಾದರೂ ನೋಡಬೇಕು.

1957ರಲ್ಲಿ ಅಮೆರಿಕದ ಫಾರ್ಮುಗಳಲ್ಲಿ ಬ್ರಾಯ್ಲರ್ ಮರಿಗಳು ಲಕ್ಷಲಕ್ಷ ಸತ್ತವು. ಕೊಯ್ದು ನೋಡಿದರೆ ಹೃದಯದ ಸುತ್ತ, ಹೊಟ್ಟೆಯೊಳಗೆ ನೀರು. ಸೋಂಕಲ್ಲ, ಫೀಡಿನ ಕೊಬ್ಬಿನಲ್ಲೇ ಏನೋ ಇದೆ ಅಂತ ಬೇಗ ಗೊತ್ತಾಯಿತು. ಆ ‘ಏನೋ’ ಡಯಾಕ್ಸಿನ್ ಗುಂಪಿನ ವಿಷ ಅಂತ ಖಚಿತವಾಗೋಕೆ ಸುಮಾರು ಹತ್ತು ವರ್ಷ ಹಿಡಿಯಿತು. ಅಲ್ಲಿಯವರೆಗೆ ವಿಜ್ಞಾನಿಗಳ ಬಳಿಯಿದ್ದ ನಂಬಿಕಸ್ಥ ಪರೀಕ್ಷೆ ಅಂದ್ರೆ, ಅನುಮಾನದ ಕೊಬ್ಬನ್ನ ಮರಿಗಳಿಗೆ ಮೂರು ವಾರ ತಿನ್ನಿಸಿ ಹೃದಯದ ಸುತ್ತ ನೀರು ತುಂಬಿದೆಯಾ ಅಂತ ನೋಡೋದು. ಮನುಷ್ಯರ ಆಹಾರಕ್ಕೆ ಬಳಸುವ ಕೊಬ್ಬಿನಾಮ್ಲಗಳಲ್ಲಿ ಈ ಮರಿಯ ಕಾಯಿಲೆ ತರುವ ಅಂಶ ಇರಕೂಡದು ಅಂತ ಅಮೆರಿಕದ ಆಹಾರ ನಿಯಮದಲ್ಲೇ ಬರೆದರು. ಕೋಳಿಯ ಸಾವನ್ನು ಅಲ್ಲಿ ಮನುಷ್ಯರಿಗೆ ಬಂದ ಎಚ್ಚರಿಕೆ ಅಂತ ಓದಿಕೊಂಡರು.

ಜಪಾನಿನಲ್ಲಿ ಹಾಗಾಗಲಿಲ್ಲ. ಅಲ್ಲಿನ ಎಣ್ಣೆ ನಮಗೂ ಪರಿಚಯದ್ದೇ, ಅಕ್ಕಿ ತೌಡಿನ ಎಣ್ಣೆ. ಕ್ಯುಶು ದ್ವೀಪದ ಕಿಟಾಕ್ಯುಶು ನಗರದಲ್ಲಿ ಕನೇಮಿ ಅನ್ನೋ ಕಂಪನಿ ಇದನ್ನು ಅಡುಗೆಗೆಂದು ತಯಾರಿಸುತ್ತಿತ್ತು. ಶುದ್ಧೀಕರಣದಲ್ಲಿ ಉಳಿಯುವ ಕಪ್ಪು ಎಣ್ಣೆಗೆ ‘ಡಾರ್ಕ್ ಆಯಿಲ್’ ಅಂತ ಹೆಸರು, ಅದು ಕೋಳಿ ಫೀಡಿಗೆ ಹೋಗುತ್ತಿತ್ತು. ತೌಡೆಣ್ಣೆಯ ಹಸಿ ವಾಸನೆ ತೆಗೆಯೋಕೆ ಅದನ್ನು 200 ಡಿಗ್ರಿ ದಾಟಿ ಕಾಯಿಸಬೇಕು. ಆ ಕಾವು ಕೊಡೋದಕ್ಕೆ ಕೊಳವೆಗಳಲ್ಲಿ ಪಿಸಿಬಿ ಅನ್ನೋ ರಾಸಾಯನಿಕ ಹರಿಸುತ್ತಿದ್ದರು. 1968ರ ಶುರುವಿನಲ್ಲಿ ಆ ಪಿಸಿಬಿ ಸೋರಿ ಎಣ್ಣೆಗೆ ಸೇರಿತು.

ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಪಶ್ಚಿಮ ಜಪಾನಿನ ಕೋಳಿಗಳು ಉಸಿರಾಡೋಕೆ ಕಷ್ಟಪಟ್ಟು ಬೀಳತೊಡಗಿದವು. ಸುಮಾರು 20 ಲಕ್ಷ ಕೋಳಿಗಳಿಗೆ ಕಾಯಿಲೆ, 4 ಲಕ್ಷಕ್ಕೂ ಹೆಚ್ಚು ಸತ್ತವು. ಹೃದಯದ ಸುತ್ತ ಅದೇ ನೀರು. ಕೃಷಿ ಇಲಾಖೆಯವರು ಫೀಡಿನ ಜಾಡು ಹಿಡಿದು ಡಾರ್ಕ್ ಆಯಿಲ್‌ಗೂ, ಅಲ್ಲಿಂದ ಕನೇಮಿಯ ಕಾರ್ಖಾನೆಗೂ ಬಂದು ಮುಟ್ಟಿದರು. ಅಡುಗೆ ಎಣ್ಣೆ ಹೇಗಿದೆ ಅಂತ ಕೇಳಿದಾಗ, ಅದಕ್ಕೇನೂ ಆಗಿಲ್ಲ ಅಂತ ಕಂಪನಿ ಹೇಳಿತು. ಫೀಡ್ ಅವರ ಇಲಾಖೆ, ಅಡುಗೆ ಎಣ್ಣೆ ಆರೋಗ್ಯ ಇಲಾಖೆ. ವಿಷಯ ಅಲ್ಲಿಗೇ ನಿಂತಿತು. ಎಣ್ಣೆ ಕೆಟ್ಟಿದ್ದಕ್ಕೆ ಕೋಳಿ ಸತ್ತವು ಅಂತ ವರದಿ ಬಂತು. ಕೋಳಿಗೆ ಆ ಫೀಡ್ ಹಾಕೋದು ನಿಂತಿತು, ಅದೇ ಕಾರ್ಖಾನೆಯ ಎಣ್ಣೆಯಲ್ಲಿ ಮನೆಗಳಲ್ಲಿ ಅಡುಗೆ ನಡೆದೇ ಇತ್ತು.

ಜೂನ್ ತಿಂಗಳಲ್ಲಿ ಫುಕುವೋಕಾದ ಕ್ಯುಶು ವಿಶ್ವವಿದ್ಯಾಲಯದ ಆಸ್ಪತ್ರೆಗೆ ಮೂರು ವರ್ಷದ ಒಬ್ಬ ಹುಡುಗಿಯನ್ನು ಕರೆತಂದರು. ಮೈಮೇಲೆ ಮೊಡವೆಯಂಥ ಗುಳ್ಳೆಗಳು. ಆಮೇಲೆ ಅವಳ ಮನೆಯವರೂ ಬಂದರು, ಬೇರೆ ಮನೆಗಳವರೂ ಬಂದರು. ಉಗುರು, ಒಸಡು ಕಪ್ಪು, ಕಣ್ಣಲ್ಲಿ ಪಿಸುರು, ಮೈಯೆಲ್ಲ ಸುಸ್ತು. ಆ ಎಣ್ಣೆ ತಿಂದ ಬಸುರಿಯರಿಗೆ ಹುಟ್ಟಿದ ಕೆಲವು ಮಕ್ಕಳ ಚರ್ಮ ಕಪ್ಪುಗಟ್ಟಿತ್ತು. ಸುದ್ದಿ ಪತ್ರಿಕೆಗೆ ಬಂದದ್ದು ಅಕ್ಟೋಬರಿನಲ್ಲಿ, ಕೋಳಿಗಳು ಬಿದ್ದ ಏಳೆಂಟು ತಿಂಗಳ ಮೇಲೆ. ‘ಯುಶೋ’ ಅಂತ ಹೆಸರಿಟ್ಟರು, ಎಣ್ಣೆ ಕಾಯಿಲೆ ಅಂತ ಅರ್ಥ. ಸುಮಾರು 14 ಸಾವಿರ ಜನ ತಮಗೂ ತೊಂದರೆಯಾಗಿದೆ ಅಂತ ಮುಂದೆ ಬಂದರು. ಸರ್ಕಾರದ ಪಟ್ಟಿಯಲ್ಲಿ ರೋಗಿಗಳೆಂದು ಈವರೆಗೆ ಸೇರಿದವರು 2 ಸಾವಿರಕ್ಕಿಂತ ಸ್ವಲ್ಪ ಹೆಚ್ಚು.

ನನ್ನನ್ನು ಈ ಕಥೆಯಲ್ಲಿ ಹಿಡಿದು ಕೂರಿಸಿದ್ದು ಆಮೇಲೆ ಕೋರ್ಟಿನಲ್ಲಿ ನಡೆದದ್ದು. ರೋಗಿಗಳು ಸರ್ಕಾರದ ಮೇಲೂ ದಾವೆ ಹೂಡಿದರು. ಅವರ ಪ್ರಶ್ನೆ ಸರಳ: ಕೋಳಿಗಳು ಸತ್ತಾಗಲೇ ಕೃಷಿ ಅಧಿಕಾರಿಗಳು ಆರೋಗ್ಯದವರಿಗೆ ಒಂದು ಮಾತು ಹೇಳಬಾರದಿತ್ತಾ? ಹೇಳಬೇಕಿತ್ತು ಅಂತ 1984ರಲ್ಲಿ ಫುಕುವೋಕಾ ಹೈಕೋರ್ಟ್ ತೀರ್ಪು ಕೊಟ್ಟಿತು. ಸರ್ಕಾರ ತಾತ್ಕಾಲಿಕ ಪರಿಹಾರದ ಹಣವನ್ನೂ ಕೊಟ್ಟಿತು. 1986ರಲ್ಲಿ ಬಂದ ಇನ್ನೊಂದು ತೀರ್ಪು ಸರ್ಕಾರದ ಹೊಣೆ ಇಲ್ಲ ಅಂದಿತು. ಸುಪ್ರೀಂ ಕೋರ್ಟಿನಲ್ಲಿ ಸೋಲುವ ಭಯಕ್ಕೆ ರೋಗಿಗಳು 1987ರಲ್ಲಿ ಸರ್ಕಾರದ ಮೇಲಿನ ದಾವೆ ವಾಪಸ್ ತೆಗೆದುಕೊಂಡರು. ಆಗ ಪಡೆದಿದ್ದ ಹಣವನ್ನು ಹಿಂದಿರುಗಿಸಬೇಕಾಯಿತು. ಔಷಧಿಗೆ, ಸಂಸಾರಕ್ಕೆ ಅಂತ ಎಂದೋ ಖರ್ಚಾಗಿಹೋಗಿದ್ದ ಹಣ ಅದು. ಎಣ್ಣೆ ತಿಂದು ಕಾಯಿಲೆ ಬಿದ್ದವರು ಸರ್ಕಾರಕ್ಕೆ ಸಾಲಗಾರರಾದರು! ಬಹುಪಾಲು ಜನರಿಗೆ ಆ ಸಾಲ ಮನ್ನಾ ಮಾಡುವ ವಿಶೇಷ ಕಾನೂನು ಬಂದದ್ದು 2007ರಲ್ಲಿ.

ಪಾಠ ಅಲ್ಲಿಗೂ ಮುಗಿಯಲಿಲ್ಲ. 1979ರಲ್ಲಿ ತೈವಾನಿನಲ್ಲಿ ಮತ್ತೆ ತೌಡೆಣ್ಣೆ, ಮತ್ತೆ ಪಿಸಿಬಿ, ಮತ್ತೆ ಸುಮಾರು 2 ಸಾವಿರ ರೋಗಿಗಳು. 1999ರ ಜನವರಿಯಲ್ಲಿ ಬೆಲ್ಜಿಯಂನಲ್ಲಿ ಫೀಡಿಗೆ ಹೋಗುವ ಕೊಬ್ಬಿಗೆ ಪಿಸಿಬಿ ಬೆರೆಯಿತು. ಮೊಟ್ಟೆ ಒಡೆದು ಮರಿ ಬರೋದು ಕಡಿಮೆಯಾಗಿ, ಮರಿಗಳು ಸಾಯತೊಡಗಿ ಕೋಳಿಗಳು ಬೇಗನೇ ಸೂಚನೆ ಕೊಟ್ಟವು. ಜನಕ್ಕೆ ತಿಳಿದದ್ದು ಮೇ ಕೊನೆಗೆ. ಆರೋಗ್ಯ ಮಂತ್ರಿ, ಕೃಷಿ ಮಂತ್ರಿ ಇಬ್ಬರೂ ರಾಜೀನಾಮೆ ಕೊಟ್ಟರು, ಜೂನ್ ಚುನಾವಣೆಯಲ್ಲಿ ಸರ್ಕಾರವೇ ಬಿತ್ತು. ಮರುವರ್ಷ ಬೆಲ್ಜಿಯಂ ಮಾಡಿದ ಕೆಲಸ ನೋಡಿ: ಫೀಡಿನಿಂದ ತಟ್ಟೆಯವರೆಗಿನ ಸರಪಣಿಯನ್ನೆಲ್ಲ ನೋಡಿಕೊಳ್ಳೋಕೆ ಒಂದೇ ಸಂಸ್ಥೆ ಕಟ್ಟಿದರು. ಎರಡು ಇಲಾಖೆಗಳ ನಡುವಿನ ಗೋಡೆ ಎಷ್ಟು ದುಬಾರಿ ಅಂತ ಅವರಿಗೆ ಅರ್ಥವಾಗಿತ್ತು.

ಇನ್ನು ನಮ್ಮ ವಿಷಯ. ಗಂಗಾವತಿ, ಸಿಂಧನೂರಿನ ಕಡೆ ಭತ್ತದ ಮಿಲ್ಲುಗಳಿಂದ ಹೊರಡುವ ತೌಡು ಎಣ್ಣೆಯ ಕಾರ್ಖಾನೆಗೆ ಹೋಗುತ್ತೆ. ಸೋಸಿದ ಎಣ್ಣೆಗೆ ‘ಹೃದಯಕ್ಕೆ ಒಳ್ಳೆಯದು’ ಅನ್ನೋ ಚೀಟಿ ಅಂಟಿ ನಮ್ಮ ಸೂಪರ್ ಮಾರ್ಕೆಟ್ಟಿಗೆ ಬರುತ್ತೆ. ನಮ್ಮನೆಯಲ್ಲೂ ಬಳಸ್ತೀವಿ, ಬಿಡುವ ಯೋಚನೆಯೂ ಇಲ್ಲ. ಎಣ್ಣೆ ತೆಗೆದ ತೌಡು, ಸೋಸದ ಎಣ್ಣೆ ಇವೆಲ್ಲ ಫೀಡಿನ ಕಚ್ಚಾಮಾಲು. ಅಡುಗೆ ಎಣ್ಣೆಯ ಮೇಲೆ ಕಣ್ಣಿಡೋದು ಆರೋಗ್ಯ ಸಚಿವಾಲಯದ ಕೆಳಗಿರುವ ಎಫ್‌ಎಸ್‌ಎಸ್‌ಎಐ. ಕೋಳಿ ಸಾಕಣೆ ಪಶುಸಂಗೋಪನೆಯವರದು. 1968ರ ಜಪಾನಿನಲ್ಲಿದ್ದಂಥ ಎರಡು ಬಾಗಿಲು ಇಲ್ಲೂ ಇವೆ.

ಆದ್ದರಿಂದ ಬ್ರಾಯ್ಲರ್ ವಾದದಲ್ಲಿ ನನ್ನದು ಮೂರನೇ ಪಂಗಡ. ಇಲ್ಲದ ಇಂಜೆಕ್ಷನ್ನಿಗೆ ಹೆದರೋ ಬದಲು, ಇರುವ ಎಣ್ಣೆ ಎಲ್ಲಿಂದ ಬಂತು, ಅದನ್ನು ಪರೀಕ್ಷೆ ಮಾಡಿದ್ದು ಯಾರು ಅಂತ ಕೇಳೋಣ. ಮುಂದಿನ ಸಲ ಎಲ್ಲಾದರೂ ಒಂದು ಶೆಡ್ಡಿನ ಕೋಳಿಗಳು ಒಟ್ಟಿಗೆ ಸತ್ತವು ಅಂತ ಜಿಲ್ಲಾ ಪುಟದ ಮೂಲೆಯಲ್ಲಿ ಸುದ್ದಿ ಕಂಡರೆ, ಹಕ್ಕಿಜ್ವರವಾ ಅಂತ ಕೇಳಿ ಸುಮ್ಮನಾಗಬೇಡಿ. ಅವು ಏನು ತಿಂದಿದ್ದವು, ಅದೇ ಕಾರ್ಖಾನೆಯ ಇನ್ನೊಂದು ಬಾಗಿಲಿಂದ ನಮಗೆ ಏನು ಬರ್ತಿದೆ ಅಂತಲೂ ಕೇಳಿ. ಈ ಪ್ರಶ್ನೆಯನ್ನು ಮಾರ್ಚ್ ತಿಂಗಳಲ್ಲಿ ಗಟ್ಟಿಯಾಗಿ ಕೇಳಿದ್ದರೆ ಜಪಾನಿನ ಎಷ್ಟೋ ಮನೆಗಳ ಎಣ್ಣೆ ಡಬ್ಬಿ ಅಲ್ಲಿಗೇ ಮುಚ್ಚಿರುತ್ತಿತ್ತು.